‘ಪರವಾಗಿಲ್ಲ’ ಅನ್ನುವುದಕ್ಕೆ ಎಷ್ಟು ಅಂಕ?

ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕೀಮೋ ಕೊಡುವ ಕೋಣೆಯ ಹೊರಗೆ ಒಂದು ಉದ್ದ ಬೆಂಚಿದೆ. ಅದರ ಮೇಲೆ ನಾನೂ ನನ್ನ ಚಿಕ್ಕಮ್ಮನೂ ಎಷ್ಟು ಗಂಟೆ ಕೂತಿದ್ದೇವೋ ಲೆಕ್ಕವಿಲ್ಲ. ಕೊಡಗಿನ ಶನಿವಾರಸಂತೆ ಪಕ್ಕದ ಊರಿನಿಂದ ಕತ್ತಲಿರುವಾಗಲೇ ಹೊರಡುತ್ತಿದ್ದೆವು. ಚಿಕ್ಕಪ್ಪನಿಗೆ ಗಂಟಲಲ್ಲಿ ಗಡ್ಡೆ. ಅವರ ಫೈಲು ಯಾವಾಗಲೂ ಚಿಕ್ಕಮ್ಮನ ಮಡಿಲಲ್ಲಿ. ಬಯಾಪ್ಸಿ, ಸ್ಕ್ಯಾನಿಂಗ್, ಬ್ಲಡ್ ಕೌಂಟ್, ಪ್ರತಿ ಸಲದ ತೂಕ, ಎಲ್ಲವೂ ಅದರಲ್ಲಿತ್ತು. ಆ ಫೈಲನ್ನು ಹೊತ್ತು ತಿರುಗುವವಳ ಬಗ್ಗೆ ಇದ್ದದ್ದು ಒಂದೇ ಸಾಲು: ಜೊತೆಗಿರುವವರು, ಹೆಂಡತಿ. ಆಸ್ಪತ್ರೆಯ ಮಾತಿನಲ್ಲಿ ‘ಅಟೆಂಡರ್’.

ಆ ಅಟೆಂಡರನ್ನು ಯಾರಾದರೂ ‘ನೀವು ಹೇಗಿದ್ದೀರಿ?’ ಎಂದು ಕೇಳಿದರೆ ಸಿಗುವ ಉತ್ತರ ಒಂದೇ. ‘ಪರವಾಗಿಲ್ಲ.’ ಮೂರು ರಾತ್ರಿ ಕಣ್ಣು ಮುಚ್ಚಿಲ್ಲ, ಪರವಾಗಿಲ್ಲ. ಬಳೆ ಬ್ಯಾಂಕಿನಲ್ಲಿದೆ, ಪರವಾಗಿಲ್ಲ. ಕೊಯ್ದ ಕಾಫಿ ಕಣದಲ್ಲಿ ಹರಡಿದ್ದು ಹಾಗೇ ಇದೆ, ಮೋಡ ಕಟ್ಟಿದೆ, ತೆಗೆದು ಒಳಗಿಡುವವರಿಲ್ಲ, ಆದರೂ ಪರವಾಗಿಲ್ಲ. ಈ ಒಂದು ಪದದ ಹಿಂದೆ ಏನಿದೆ ಎಂದು ತಿಳಿಯುವುದು ಹೇಗೆ? ಒಂದು ದಿನ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಬೆಂಚಿನ ಬಳಿ ಬಂದು, ‘ಅಮ್ಮಾ, ನಿಮ್ಮ ಬಗ್ಗೆ ಸ್ವಲ್ಪ ಕೇಳಬೇಕಿತ್ತು, ಅಂಕಲ್ ಬಗ್ಗೆ ಅಲ್ಲ’ ಅಂದಳು. ಅವಳ ಕೈಯಲ್ಲಿ ಮೂವತ್ತೈದು ಸಾಲುಗಳ ಒಂದು ನಮೂನೆ ಇತ್ತು. ಮನುಷ್ಯರ ಸಂಕಟಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕುವುದೆಂದರೆ ನನಗೆ ಆಗ ನಗೆ ಬಂದಿತ್ತು. ಆಮೇಲೆ ಅದರ ಬಗ್ಗೆ ಓದುತ್ತಾ, ಗೊತ್ತಿದ್ದವರನ್ನು ಕೇಳುತ್ತಾ ಹೋದ ಹಾಗೆ ಆ ನಗೆ ಉಳಿಯಲಿಲ್ಲ.

ಮೊದಲು ‘ಜೀವನ ಗುಣಮಟ್ಟ’ ಎಂಬ ಮಾತು. ಕೇಳಿದ ತಕ್ಷಣ ಮನೆ, ಕಾರು, ಆದಾಯ ನೆನಪಾಗುತ್ತವೆ. ಆರೋಗ್ಯದ ಅಧ್ಯಯನಗಳಲ್ಲಿ ಅದರ ಅರ್ಥ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಇದಕ್ಕೊಂದು ಪ್ರಶ್ನಾವಳಿ ಮಾಡಲು ಹೊರಟಾಗ ಹೇಳಿದ್ದರ ತಿರುಳು ಇಷ್ಟು: ತಾನಿರುವ ಸಂಸ್ಕೃತಿ, ತನ್ನ ಗುರಿ, ನಿರೀಕ್ಷೆ, ಚಿಂತೆಗಳ ನಡುವೆ ಒಬ್ಬ ಮನುಷ್ಯ ತನ್ನ ಬದುಕನ್ನು ತಾನೇ ಹೇಗೆ ಕಾಣುತ್ತಾನೆ ಎಂಬುದೇ ಜೀವನ ಗುಣಮಟ್ಟ. ‘ತಾನೇ’ ಎಂಬುದು ಇಲ್ಲಿ ಮುಖ್ಯ. ಡಾಕ್ಟರು ನೋಡಿ ಹೇಳುವುದಲ್ಲ, ಪಕ್ಕದ ಮನೆಯವರು ಊಹಿಸುವುದಲ್ಲ. ಆ ಕೆಲಸದಲ್ಲಿ ಪಾಲ್ಗೊಂಡ ಕೇಂದ್ರಗಳಲ್ಲಿ ನಮ್ಮ ಮದ್ರಾಸು, ದೆಹಲಿ ಕೂಡ ಇದ್ದವು. ಅದರಿಂದ ಹುಟ್ಟಿದ ಚಿಕ್ಕ ಪ್ರಶ್ನಾವಳಿಯಲ್ಲಿ 26 ಪ್ರಶ್ನೆಗಳು. ದೇಹ, ಮನಸ್ಸು, ಸಂಬಂಧ, ಸುತ್ತಲಿನ ಪರಿಸರ ಎಂದು ನಾಲ್ಕು ಭಾಗ.

ಹಾಗಾದರೆ ಅಟೆಂಡರಿಗೂ ಅದನ್ನೇ ಕೊಟ್ಟರಾಗದೇ? ಕೊಡಬಹುದು, ಎಷ್ಟೋ ಕಡೆ ಕೊಡುತ್ತಾರೆ ಕೂಡ. ಆದರೆ ಅದು ಎಲ್ಲರಿಗೂ ಹೊಲಿದ ಅಂಗಿ. ಚಿಕ್ಕಮ್ಮನಿಗೆ ಮೊಣಕಾಲು ನೋವು ಹತ್ತು ವರ್ಷದಿಂದ ಇದೆ. ಆ ಪ್ರಶ್ನಾವಳಿಯಲ್ಲಿ ದೇಹದ ಅಂಕ ಕಮ್ಮಿ ಬಂದರೆ ಅದು ಮೊಣಕಾಲಿನದ್ದೋ ಚಿಕ್ಕಪ್ಪನ ಕಾಯಿಲೆಯದ್ದೋ ಹೇಳಲಾಗದು. ಕ್ಯಾನ್ಸರ್ ರೋಗಿಗಳಿಗೆಂದೇ ಮಾಡಿದ ಒಳ್ಳೆಯ ಪ್ರಶ್ನಾವಳಿಗಳೂ 1993ರಿಂದ ಇವೆ. ಯುರೋಪಿನದ್ದಕ್ಕೆ 30 ಪ್ರಶ್ನೆ, ಅಮೆರಿಕದ ಇನ್ನೊಂದಕ್ಕೆ 27. ಆದರೆ ಅವು ಕೇಳುವುದು ಹಾಸಿಗೆಯಲ್ಲಿರುವವರನ್ನು. ಹಾಸಿಗೆಯ ಪಕ್ಕ ಸ್ಟೂಲ್ ಮೇಲೆ ಕೂತವರ ಕತೆ ಬೇರೆ. ಎಷ್ಟೋ ಸಲ ರೋಗಿ ಚೇತರಿಸಿಕೊಳ್ಳುತ್ತಿರುವಾಗಲೇ ನೋಡಿಕೊಳ್ಳುವವರು ಕುಸಿಯುತ್ತಾರೆ. ರೋಗಿ ಗುಣವಾಗುತ್ತಿದ್ದಾರೆ, ಹಾಗಾಗಿ ಮನೆಯವರೂ ಚೆನ್ನಾಗಿರಬೇಕು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆ ಹುಡುಗಿ ಹಿಡಿದಿದ್ದ ನಮೂನೆಯ ಮೂಲ ಅಮೆರಿಕದ್ದು. ಫ್ಲಾರಿಡಾದ ಟ್ಯಾಂಪಾದಲ್ಲಿರುವ ಮಾಫಿಟ್ ಕ್ಯಾನ್ಸರ್ ಕೇಂದ್ರದ ಮೈಕೆಲ್ ವೈಟ್ಸ್‌ನರ್ ಮತ್ತು ಜೊತೆಗಾರರು ಅದನ್ನು 1999ರಲ್ಲಿ ಪ್ರಕಟಿಸಿದರು. ಕ್ಯಾನ್ಸರ್ ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆಂದೇ ಮಾಡಿದ ಮಾಪಕ ಅದು. ಆಮೇಲೆ ಕೊರಿಯನ್, ಟರ್ಕಿಷ್, ಪರ್ಷಿಯನ್, ಫ್ರೆಂಚ್ ಎಂದು ಹಲವು ಭಾಷೆಗಳಿಗೆ ಹೋಗಿದೆ. ಅದರಲ್ಲಿ ಇರುವುದು ಪ್ರಶ್ನೆಗಳಲ್ಲ, 35 ಹೇಳಿಕೆಗಳು. ನಿದ್ದೆ ಮೊದಲಿನಷ್ಟು ನೆಮ್ಮದಿಯದಲ್ಲ. ದಿನಚರಿ ತಲೆಕೆಳಗಾಗಿದ್ದು ನನ್ನನ್ನು ಕಾಡುತ್ತದೆ. ಅವರ ಊಟ ತಿಂಡಿ ಬದಲಾಗಿರುವುದನ್ನು ನಿಭಾಯಿಸುವುದು ಕಷ್ಟ. ಮುಂದಿನ ಹಣಕಾಸಿನ ಬಗ್ಗೆ ಖಾತ್ರಿಯಿಲ್ಲ. ಹೀಗೆ. ಕಳೆದ ಏಳು ದಿನಗಳಲ್ಲಿ ಪ್ರತಿಯೊಂದೂ ತನ್ನ ಮಟ್ಟಿಗೆ ಎಷ್ಟು ನಿಜ ಎಂದು ಹೇಳಬೇಕು. ‘ಇಲ್ಲವೇ ಇಲ್ಲ’ ಎಂದರೆ 0, ‘ತುಂಬಾ’ ಎಂದರೆ 4, ನಡುವೆ ಮೂರು ಮೆಟ್ಟಿಲು. ಹೀಗೆ ಮೆಟ್ಟಿಲಿನ ಲೆಕ್ಕದಲ್ಲಿ ಅಭಿಪ್ರಾಯ ಅಳೆಯುವ ಕ್ರಮವನ್ನು ರೆನ್ಸಿಸ್ ಲೈಕರ್ಟ್ ಎಂಬ ಮನಶ್ಶಾಸ್ತ್ರಜ್ಞ 1932ರಲ್ಲೇ ಹಾಕಿಕೊಟ್ಟಿದ್ದ. ಇವತ್ತು ಮೊಬೈಲ್ ಅಂಗಡಿಯವರು ‘ನಮ್ಮ ಸೇವೆಗೆ ಎಷ್ಟು ಸ್ಟಾರ್’ ಎಂದು ಕೇಳುವುದೂ ಅದರ ಮೊಮ್ಮಗನೇ.

ಈ ಹೇಳಿಕೆಗಳು ನಾಲ್ಕು ಗುಂಪಾಗುತ್ತವೆ. ಹೊರೆಯ ಬಗ್ಗೆ ಹತ್ತು. ದಿನಚರಿ ಏರುಪೇರಾಗುವುದರ ಬಗ್ಗೆ ಏಳು. ಪರಿಸ್ಥಿತಿಗೆ ಒಗ್ಗಿಕೊಳ್ಳುವುದರ ಬಗ್ಗೆ ಏಳು. ಹಣದ ಚಿಂತೆಯ ಬಗ್ಗೆ ಮೂರು. ಉಳಿದ ಎಂಟು ಯಾವ ಗುಂಪಿಗೂ ಸೇರದೆ ಒಟ್ಟು ಅಂಕಕ್ಕೆ ಮಾತ್ರ ಸೇರುತ್ತವೆ. 35ನ್ನು 4ರಿಂದ ಗುಣಿಸಿದರೆ 140. ಅದೇ ಪೂರ್ತಿ ಅಂಕ.

ಲೆಕ್ಕದಲ್ಲಿ ಒಂದು ತಿರುವಿದೆ, ಹೊಸಬರು ಎಡವುವುದು ಅಲ್ಲೇ. ‘ನಿದ್ದೆ ಕೆಟ್ಟಿದೆ’ ಎಂಬುದಕ್ಕೆ 4 ಬಂದರೆ ಅದು ಕೆಟ್ಟ ಸುದ್ದಿ. ‘ಮನೆಯವರೊಂದಿಗೆ ಮಾತುಕತೆ ಹೆಚ್ಚಾಗಿದೆ’ ಎಂಬುದಕ್ಕೆ 4 ಬಂದರೆ ಒಳ್ಳೆಯ ಸುದ್ದಿ. ಎರಡನ್ನೂ ಹಾಗೇ ಕೂಡಿಸಿದರೆ ಸಿಹಿ ಉಪ್ಪು ಬೆರೆಸಿದಂತೆ. ಅದಕ್ಕೆ ಕಷ್ಟ ಹೇಳುವ ಸಾಲುಗಳ ಅಂಕವನ್ನು ತಿರುಗಿಸಿ ಬರೆಯುತ್ತಾರೆ: 4 ಇದ್ದದ್ದು 0, 3 ಇದ್ದದ್ದು 1. ಆಮೇಲೆ ಕೂಡಿಸಿದರೆ, ಒಟ್ಟು ಹೆಚ್ಚಾದಷ್ಟೂ ಬದುಕು ಸಸೂತ್ರ ಎಂದರ್ಥ.

ಈಗ ಒಂದು ಉದಾಹರಣೆ, ಅಂಕಗಳೆಲ್ಲ ನನ್ನ ಕಲ್ಪನೆಯವೇ. ಒಬ್ಬರು ನಾಪೋಕ್ಲು ಕಡೆಯ ತೋಟದ ಮನೆಯ ಹಿರಿಯ ಹೆಂಗಸು, ಗಂಡನಿಗೆ ಕಾಯಿಲೆ. ಮಕ್ಕಳು ಬೆಂಗಳೂರಲ್ಲಿ. ಇನ್ನೊಬ್ಬ ಸಿದ್ದಾಪುರದ ಹತ್ತಿರ ಎಸ್ಟೇಟಿನ ಲೈನ್ ಮನೆಯಲ್ಲಿರುವ ಕೂಲಿ ಕೆಲಸದವನು, ತಾಯಿಗೆ ಕಾಯಿಲೆ; ರಾತ್ರಿ ಪಾಳಿಗೆ ತಂಗಿ ಇದ್ದಾಳೆ. ಹೆಂಗಸಿನ ಅಂಕ, ತಿರುಗಿಸಿ ಬರೆದ ಮೇಲೆ, ಹೀಗೆ ಬಂತೆನ್ನಿ: ಹೊರೆಯಲ್ಲಿ 40ಕ್ಕೆ 14, ದಿನಚರಿಯಲ್ಲಿ 28ಕ್ಕೆ 18, ಒಗ್ಗಿಕೊಳ್ಳುವುದರಲ್ಲಿ 28ಕ್ಕೆ 24, ಹಣದಲ್ಲಿ 12ಕ್ಕೆ 10, ಉಳಿದ ಎಂಟರಲ್ಲಿ 32ಕ್ಕೆ 18. ಕೂಡಿಸಿದರೆ 84. ಅವನದ್ದು ಅದೇ ಕ್ರಮದಲ್ಲಿ 28, 20, 12, 1, 23. ಅದೂ 84! ವರದಿಯಲ್ಲಿ ಒಟ್ಟು ಮಾತ್ರ ಬರೆದರೆ ಇಬ್ಬರೂ ಒಂದೇ ಥರ ಇದ್ದಾರೆ. ಆದರೆ ಹೆಂಗಸಿಗೆ ಬೇಕಾದದ್ದು ರಾತ್ರಿ ಎರಡು ಗಂಟೆಗೆ ಎದ್ದು ಗಂಡನನ್ನು ಹೊರಳಿಸಿ ಮಲಗಿಸುವ ಇನ್ನೊಂದು ಜೊತೆ ಕೈ. ಅವನಿಗೆ ಬೇಕಾದದ್ದು ಬಸ್ ಚಾರ್ಜು, ತಪ್ಪಿದ ದಿನಗೂಲಿ. ಹಣದ ಸಾಲುಗಳು 35ರಲ್ಲಿ ಮೂರೇ ಇರುವುದರಿಂದ, ಅವನು ಅಲ್ಲಿ ಪೂರ್ತಿ ಮುಳುಗಿದರೂ 140ರಲ್ಲಿ ಕಳೆಯುವುದು 12 ಮಾತ್ರ. ಮಾಪಕ ಮಾಡಿದವರ ಊರಿನಲ್ಲಿ ಹಣದ ಭಾರ ಅಷ್ಟೇ ಇತ್ತೇನೋ. ಲೈನ್ ಮನೆಯಲ್ಲಿ ಉಳಿದ ಮೂವತ್ತೆರಡೂ ಆ ಮೂರರ ಮೇಲೇ ನಿಂತಿರುತ್ತವೆ. ಹಾಗಾಗಿ ಒಟ್ಟು ಅಂಕವನ್ನಷ್ಟೇ ಹೇಳಿ ಮುಗಿಸುವ ಯಾವ ವರದಿಯನ್ನೂ ನಾನು ಅರ್ಧ ಓದಿದ ವರದಿ ಎಂದೇ ಭಾವಿಸುತ್ತೇನೆ.

ಇದೇ ಕ್ಷೇತ್ರದಲ್ಲಿ ಇನ್ನೊಂದು ಹೆಸರಾದ ಮಾಪಕ 1980ರಲ್ಲಿ ಸ್ಟೀವನ್ ಝಾರಿಟ್ ಮಾಡಿದ ಹೊರೆಯ ಪ್ರಶ್ನಾವಳಿ. ಮರೆವಿನ ಕಾಯಿಲೆ ಇರುವ ವೃದ್ಧರನ್ನು ನೋಡಿಕೊಳ್ಳುವವರಿಗಾಗಿ ಹುಟ್ಟಿದ್ದು. 29 ಪ್ರಶ್ನೆಗಳಿದ್ದದ್ದು ಆಮೇಲೆ 22ಕ್ಕೆ ಇಳಿಯಿತು; ಪೂರ್ತಿ ಅಂಕ 88. ನಮ್ಮಲ್ಲೇ ಚೆನ್ನೈನ ಸ್ಕಾರ್ಫ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯ ಡಾ. ಆರ್. ತಾರಾ ಮತ್ತು ಸಂಗಡಿಗರು ಮಾನಸಿಕ ಕಾಯಿಲೆಯವರ ಮನೆಮಂದಿಗಾಗಿ 40 ಪ್ರಶ್ನೆಗಳ ಮಾಪಕವನ್ನು 1998ರಲ್ಲಿ ಪ್ರಕಟಿಸಿದರು. ಇವು ಅಳೆಯುವುದು ಹೊರೆಯನ್ನು. ಹೊರೆಯೂ ಜೀವನ ಗುಣಮಟ್ಟವೂ ಒಂದೇ ಅಲ್ಲ. ಹೊರೆ ಎಂದರೆ ತಲೆ ಮೇಲಿನ ಮೂಟೆ ಎಷ್ಟು ಭಾರ ಎಂಬುದು. ಗುಣಮಟ್ಟ ಎಂದರೆ ಆ ಮೂಟೆ ಹೊತ್ತುಕೊಂಡೇ ಈ ಮನುಷ್ಯ ಹೇಗೆ ನಡೆಯುತ್ತಿದ್ದಾನೆ, ಮಧ್ಯೆ ನಿಂತು ಮಾತಾಡುವ ಗೆಳೆಯರಿದ್ದಾರೆಯೇ, ಸಂಜೆ ಟೀ ಕುಡಿಯುವಾಗ ಒಂದು ಗಳಿಗೆ ನೆಮ್ಮದಿ ಇದೆಯೇ ಎಂಬುದೆಲ್ಲ ಸೇರಿ. ನಲವತ್ತು ವರ್ಷ ಜೊತೆಗಿದ್ದೂ ನಾಲ್ಕು ಮಾತಾಡದ ಗಂಡಹೆಂಡತಿ ಕಾಯಿಲೆ ಬಂದ ಮೇಲೆ ಹತ್ತಿರವಾದದ್ದನ್ನು ನಾನೇ ಕಂಡಿದ್ದೇನೆ. ವೈಟ್ಸ್‌ನರ್ ಮಾಪಕದಲ್ಲಿ ಅದಕ್ಕೂ ಒಂದು ಸಾಲಿದೆ.

ಇದನ್ನೆಲ್ಲ ಅಳೆಯುವುದು ಯಾಕೆ ಎಂದು ಕೇಳುವವರಿಗೆ ಒಂದು ಲೆಕ್ಕ. ಅದೇ 1999ರಲ್ಲಿ ಅಮೆರಿಕದ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ವಯಸ್ಸಾದ ದಂಪತಿಗಳನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನ ಪ್ರಕಟವಾಯಿತು. ಸಂಗಾತಿಯನ್ನು ನೋಡಿಕೊಳ್ಳುತ್ತಾ ಅದರಿಂದ ಒತ್ತಡ ಅನುಭವಿಸುತ್ತಿದ್ದವರು ಸಾಯುವ ಸಂಭವ, ಅಂಥ ಜವಾಬ್ದಾರಿ ಇಲ್ಲದ ಅದೇ ವಯಸ್ಸಿನವರಿಗಿಂತ 63 ಶೇಕಡ ಹೆಚ್ಚು ಎಂದು ಕಂಡುಬಂತು. ನೋಡಿಕೊಳ್ಳುತ್ತಿದ್ದರೂ ಒತ್ತಡವಿಲ್ಲ ಎಂದವರಲ್ಲಿ ಆ ಏರಿಕೆ ಕಾಣಲಿಲ್ಲ. ಅಲ್ಲಿದ್ದವರು ಕ್ಯಾನ್ಸರ್ ಮನೆಯವರೆಂದು ಆರಿಸಿದವರಲ್ಲ, ನಮ್ಮ ದೇಶದವರೂ ಅಲ್ಲ. ಆ ಅಂಕಿಯನ್ನು ಹಾಗೇ ತಂದು ಕೊಡಗಿಗೆ ಅಂಟಿಸಬಾರದು. ಆದರೆ ‘ಅಟೆಂಡರಿಗೇನು, ಅವರು ಆರೋಗ್ಯವಾಗಿದ್ದಾರಲ್ಲ’ ಎಂಬ ಮಾತು ಪೊಳ್ಳು ಎಂದು ತಿಳಿಯಲು ಅಷ್ಟು ಸಾಕು.

ಸರಿ, ಮಾಪಕ ನಂಬಬಹುದಾದದ್ದೇ ಎಂದು ಗೊತ್ತಾಗುವುದು ಹೇಗೆ? ನಮ್ಮ ಕಡೆಯವರಿಗೆ ಇದನ್ನು ಹೇಳಲು ಕಾಫಿ ವ್ಯಾಪಾರಕ್ಕಿಂತ ಒಳ್ಳೆಯ ದಾರಿ ಇಲ್ಲ. ಸಿಪ್ಪೆ ಸಮೇತ ಒಣಗಿಸಿದ ಚೆರಿ ಕಾಫಿ ಮಾರಲು ಹೋದಾಗ ವ್ಯಾಪಾರಿ ಮೂಟೆಯಿಂದ ಒಂದಿಷ್ಟು ತೆಗೆದು ತೇವಾಂಶ ನೋಡುತ್ತಾನೆ, ಸಿಪ್ಪೆ ಬಿಡಿಸಿ ಔಟ್‌ಟರ್ನ್ ನೋಡುತ್ತಾನೆ, 50 ಕೆ.ಜಿ. ಚೆರಿಯ ಮೂಟೆಯಲ್ಲಿ ಬೀಜ ಎಷ್ಟು ಕೂರುತ್ತದೆ ಎಂದು. ಬೆಲೆ ನಿಲ್ಲುವುದು ಅದರ ಮೇಲೆ. ಒಂದೇ ಮೂಟೆಯನ್ನು ಅದೇ ಮೀಟರಿನಲ್ಲಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಬೇರೆ ಅಂಕಿ ಬಂದರೆ ಜಗಳ ಶುರು. ಪ್ರಶ್ನಾವಳಿಯನ್ನೂ ಹಾಗೇ ಪರೀಕ್ಷಿಸುತ್ತಾರೆ. ಪರಿಸ್ಥಿತಿ ಬದಲಾಗದ ವ್ಯಕ್ತಿಗೆ ಕೆಲವು ದಿನ ಬಿಟ್ಟು ಅದನ್ನೇ ಕೊಟ್ಟರೆ ಹೆಚ್ಚುಕಮ್ಮಿ ಅದೇ ಅಂಕ ಬರಬೇಕು. ಎರಡೂ ಸಲ ಪೂರ್ತಿ ಹೊಂದಿದರೆ 1. ವೈಟ್ಸ್‌ನರ್ ಮಾಪಕಕ್ಕೆ ಮೂಲದಲ್ಲಿ ಬಂದದ್ದು 0.95.

ಎರಡನೆಯದು ಸ್ವಲ್ಪ ಸೂಕ್ಷ್ಮ. ಮೂಟೆಯ ಮೇಲಿನಿಂದ ತೆಗೆದ ಮಾದರಿ, ನಡುವಿನದು, ತಳದ್ದು, ಮೂರೂ ಸುಮಾರಾಗಿ ಒಂದೇ ಹೇಳಬೇಕಲ್ಲವೇ? ಹಾಗೆಯೇ ಒಂದೇ ವಿಷಯ ಅಳೆಯುವ ಸಾಲುಗಳು ಒಂದಕ್ಕೊಂದು ಹೊಂದಬೇಕು. ಒಂದರಲ್ಲಿ ದಣಿದವಳು ಇನ್ನೊಂದರಲ್ಲೂ ದಣಿದಿರಬೇಕು. ಇದನ್ನು ಅಳೆಯುವ ಅಂಕಿಗೆ ‘ಕ್ರಾನ್‌ಬಾಕ್ ಆಲ್ಫಾ’ ಎಂದು ಹೆಸರು, 1951ರಲ್ಲಿ ಲೀ ಕ್ರಾನ್‌ಬಾಕ್ ವಿವರಿಸಿದ್ದು. 0.7 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಇಲ್ಲಿ ಮೂಲದಲ್ಲಿ 0.91 ಬಂದಿತ್ತು. ಆದರೆ ಆಲ್ಫಾ ಏರಿದಷ್ಟೂ ಒಳ್ಳೆಯದೆಂದು ಕುಣಿಯಬೇಕಿಲ್ಲ. ಒಂದೇ ಪ್ರಶ್ನೆಯನ್ನು ಮಾತು ಬದಲಿಸಿ ಹತ್ತು ಸಲ ಕೇಳಿದರೂ ಆಲ್ಫಾ ಏರುತ್ತದೆ, ಕೇಳಿಸಿಕೊಳ್ಳುವವರ ತಲೆಬಿಸಿಯೂ ಏರುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಕಷ್ಟ. ತೇವಾಂಶದ ಮೀಟರು ಎಷ್ಟೇ ಸರಿಯಿದ್ದರೂ ಕಾಫಿಯ ರುಚಿ ಹೇಳುವುದಿಲ್ಲ; ರುಚಿಗೆ ಕಪ್ಪಿಂಗ್ ಮಾಡುವವರೇ, ಅಂದರೆ ಕುಡಿದು ನೋಡಿ ಹೇಳುವವರೇ ಬೇಕು. ಹಾಗೆ, ಈ ಪ್ರಶ್ನಾವಳಿ ತಾನು ಅಳೆಯುತ್ತೇನೆ ಎಂದದ್ದನ್ನೇ ಅಳೆಯುತ್ತಿದೆಯೇ? ನೇರವಾಗಿ ನೋಡುವ ಉಪಾಯವಿಲ್ಲ, ಬಳಸಿ ನೋಡಬೇಕು. ಖಿನ್ನತೆ ಅಳೆಯುವ ಮಾಪಕದಲ್ಲಿ ಹೆಚ್ಚು ಬಂದವರಿಗೆ ಇಲ್ಲಿ ಕಮ್ಮಿ ಬರಬೇಕು. ರೋಗಿ ಎದ್ದು ಓಡಾಡುವ ಮನೆಗೂ ಹಾಸಿಗೆ ಹಿಡಿದ ಮನೆಗೂ ವ್ಯತ್ಯಾಸ ಕಾಣಬೇಕು. ಇವೆಲ್ಲ ಹೊಂದಿದರೆ ಮಾಪಕಕ್ಕೆ ‘ಸಿಂಧುತ್ವ’ ಇದೆ ಎನ್ನುತ್ತಾರೆ. ಪದ ಭಾರವಾದದ್ದು, ವಿಷಯ ಇಷ್ಟೇ.

ಅಮೆರಿಕದಲ್ಲಿ ಈ ಪರೀಕ್ಷೆಗಳನ್ನೆಲ್ಲ ಪಾಸಾದ ಮಾಪಕವನ್ನು ಕನ್ನಡಕ್ಕೆ ತಂದಾಗ ಎಲ್ಲ ಮೊದಲಿನಿಂದ ಶುರುವಾಗಬೇಕು. ಕ್ರಮ ಹೀಗಿದೆ: ಇಬ್ಬರು ಬೇರೆಬೇರೆಯಾಗಿ ಅನುವಾದಿಸುತ್ತಾರೆ, ಎರಡನ್ನೂ ಕೂಡಿಸಿ ಒಂದು ಮಾಡುತ್ತಾರೆ, ಮೂಲವನ್ನೇ ನೋಡದ ಮತ್ತೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತರುತ್ತಾರೆ. ಮೂಲಕ್ಕೂ ಅದಕ್ಕೂ ಎಲ್ಲಿ ಬಿರುಕಿದೆ ಎಂದು ನೋಡುತ್ತಾರೆ. ಹೀಗೆ ತಿರುಗಿ ಅನುವಾದಿಸಿ ನೋಡುವುದು ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ಬರೆದು ನೆಲೆಗೊಳಿಸಿದ ದಾರಿ. ಕೊನೆಗೆ ನಾಲ್ಕು ಜನ ನಿಜವಾದ ಅಟೆಂಡರುಗಳ ಮುಂದೆ ಓದಿ ‘ಇದರಿಂದ ನಿಮಗೇನು ಅರ್ಥವಾಯಿತು?’ ಎಂದು ಕೇಳಬೇಕು. ನನ್ನ ಪ್ರಕಾರ ಜೀವ ಇರುವುದು ಈ ಕೊನೆಯ ಹೆಜ್ಜೆಯಲ್ಲಿ. ಆತುರದವರು ಬಿಟ್ಟುಬಿಡುವುದೂ ಇದನ್ನೇ.

ಯಾಕೆಂದರೆ ನಿಘಂಟು ಒಪ್ಪಿದ ಪದವನ್ನು ಬಾಯಿ ಒಪ್ಪುವುದಿಲ್ಲ. ಮೂಲದಲ್ಲಿ ರೋಗಿಯನ್ನು ಕರೆಯುವ ಮಾತನ್ನು ‘ಪ್ರೀತಿಪಾತ್ರರು’ ಎಂದು ಮಾಡಿದರೆ ಶ್ರದ್ಧಾಂಜಲಿಯ ಫ್ಲೆಕ್ಸ್ ನೆನಪಾಗುತ್ತದೆ. ಚಿಕ್ಕಮ್ಮ ಚಿಕ್ಕಪ್ಪನನ್ನು ಹೇಳುವುದು ‘ಇವರು’ ಎಂದು, ಹೊರಗಿನವರ ಮುಂದೆ ‘ಮನೆಯವರು’ ಎಂದು. ‘ಅಪರಾಧಿ ಪ್ರಜ್ಞೆ’ ಎಂದು ಕೇಳಿದರೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವರಂತೆ ಬೆಚ್ಚುತ್ತಾರೆ. ‘ನಾನು ಇನ್ನೂ ಬೇಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು ಅನ್ನಿಸುತ್ತದೆಯೇ’ ಎಂದರೆ ಕಣ್ಣು ತುಂಬುತ್ತದೆ. ‘ಬೇಸರ’ ಎಂದರೆ ದುಃಖವೂ ಹೌದು, ಸುಸ್ತೂ ಹೌದು, ಹೊತ್ತು ಹೋಗದಿರುವುದೂ ಹೌದು. ಉತ್ತರದ ಮೆಟ್ಟಿಲುಗಳಲ್ಲೂ ಹಾಗೇ. ನಡುವಿನ 2ಕ್ಕೆ ‘ಸುಮಾರು’ ಎಂದು ಹಾಕಿದ ನಮೂನೆ ನೋಡಿದ್ದೇನೆ. ‘ಊಟ ಹೇಗಿತ್ತು?’ ಎಂದರೆ ‘ಸುಮಾರು’, ಅಂದರೆ ಅಷ್ಟಕ್ಕಷ್ಟೇ. ‘ಮದುವೆಗೆ ಜನ ಬಂದಿದ್ರಾ?’ ಎಂದರೆ ‘ಸುಮಾರು ಬಂದಿದ್ರು’, ಅಂದರೆ ಬಹಳ. ಒಂದೇ ಪದ ಒಬ್ಬರಿಗೆ 2, ಇನ್ನೊಬ್ಬರಿಗೆ 3.

ಎಲ್ಲಕ್ಕಿಂತ ದೊಡ್ಡ ಗುಂಡಿ ನಮ್ಮ ‘ಇಲ್ಲ’. ಆ ಹುಡುಗಿ ಚಿಕ್ಕಮ್ಮನ ಮುಂದೆ ಓದಿದಳು: ‘ನನಗೆ ಮೊದಲಿನಂತೆ ನಿದ್ದೆ ಬರುವುದಿಲ್ಲ.’ ಚಿಕ್ಕಮ್ಮ ತಲೆ ಅಲ್ಲಾಡಿಸಿ ‘ಇಲ್ಲವೇ ಇಲ್ಲ’ ಅಂದರು. ಹುಡುಗಿ 0 ಬರೆದಳು. ‘ಇಲ್ಲವೇ ಇಲ್ಲ’ ಎಂಬುದು ನಮೂನೆಯಲ್ಲಿ ಮೊದಲ ಮೆಟ್ಟಿಲು ತಾನೇ! ಚಿಕ್ಕಮ್ಮ ಹೇಳಿದ್ದು ಮಾತ್ರ ನಿದ್ದೆ ಬರುವುದೇ ಇಲ್ಲ ಎಂದು, ಅಂದರೆ 4. ಕನ್ನಡದಲ್ಲಿ ನಕಾರದ ಮಾತಿಗೆ ‘ಇಲ್ಲ’ ಎಂದರೆ ಒಪ್ಪಿದಂತೆ. ಹೀಗೆ ತಪ್ಪಿದ ಅಂಕ ಒಂದೆರಡು ಮೆಟ್ಟಿಲು ಆಚೀಚೆ ಆಗುವುದಿಲ್ಲ, ಏಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬೀಳುತ್ತದೆ. ನಕಾರದಲ್ಲಿರುವ ಸಾಲುಗಳನ್ನೆಲ್ಲ ‘ನಿದ್ದೆ ಕೆಟ್ಟಿದೆ’, ‘ಸಮಾಧಾನ ಕಮ್ಮಿಯಾಗಿದೆ’ ಎಂದು ತಿರುಗಿಸಿ ಬರೆದರೆ ಈ ಗುಂಡಿ ಮುಚ್ಚುತ್ತದೆ. ಉತ್ತರವನ್ನು ಬಾಯಲ್ಲಿ ಕೇಳುವ ಬದಲು ಬೆರಳಿನಲ್ಲಿ ತೋರಿಸಲು ಹೇಳಿದರೆ ಇನ್ನೂ ಒಳ್ಳೆಯದು: ಮುಷ್ಟಿ ಎಂದರೆ 0, ನಾಲ್ಕು ಬೆರಳು ಎಂದರೆ 4.

ಕೊಡಗಿನಲ್ಲಿ ಇನ್ನೊಂದು ಪದರವೂ ಇದೆ. ಕನ್ನಡದ ನಮೂನೆ ಎಂದರೆ ಎಲ್ಲರ ಮನೆಮಾತಿನ ನಮೂನೆ ಎಂದಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವರ ಮಾತು, ಕುರುಬರ ಮಾತು, ತೋಟಗಳಲ್ಲಿ ತಮಿಳು, ಈಚೆಗೆ ಅಸ್ಸಾಮಿನಿಂದ ಬಂದ ಕೆಲಸಗಾರರ ಭಾಷೆ. ಇವರಲ್ಲಿ ಬಹಳ ಮಂದಿಗೆ ಕನ್ನಡ ಬರುತ್ತದೆ, ಸಂತೆಗೆ, ಕಚೇರಿಗೆ, ಬಸ್ಸಿಗೆ ಸಾಕಾಗುವಷ್ಟು. ಸಂಕಟ ಹೇಳಿಕೊಳ್ಳಲು ಅಷ್ಟು ಸಾಕೇ? ಎರಡನೇ ಭಾಷೆಯಲ್ಲಿ ಕೇಳಿದರೆ ಜನ ನಡುವಿನ ಮೆಟ್ಟಿಲಿನಲ್ಲೇ ನಿಂತುಬಿಡುವುದುಂಟು, ಎಲ್ಲದಕ್ಕೂ 2. ಮೇಲ್ನೋಟಕ್ಕೆ ಅಂಕ ಅಚ್ಚುಕಟ್ಟಾಗಿರುತ್ತದೆ, ಒಳಗೆ ಏನೂ ಇರುವುದಿಲ್ಲ.

ಮೂಲದ ಕೆಲವು ಸಾಲುಗಳು ಇಲ್ಲಿಗೆ ಬಂದಾಗ ರೂಪ ಬದಲಿಸುತ್ತವೆ. ರೋಗಿಯನ್ನು ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯಲು ಸದಾ ಸಿದ್ಧವಿರಬೇಕಾದ್ದು ಕಾಡುತ್ತದೆಯೇ ಎಂದು ಒಂದು ಸಾಲಿದೆ. ಅಮೆರಿಕದಲ್ಲಿ ಅದು ಅರ್ಧ ದಿನದ ಮಾತಿರಬಹುದು. ರೈಲೇ ಇಲ್ಲದ ಜಿಲ್ಲೆ ನಮ್ಮದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಮಂಗಳೂರಿಗೆ ಸುಮಾರು 140, ಬೆಂಗಳೂರಿಗೆ ಸುಮಾರು 260. ಮಡಿಕೇರಿಯಲ್ಲೇ ವೈದ್ಯಕೀಯ ಕಾಲೇಜು ಬಂದಿದೆ, ಆದರೂ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಬೇಕೆಂದರೆ ಊರು ಬಿಡಲೇಬೇಕು. ಕರೆಂಟ್ ಎಂದರೆ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುವುದುಂಟು. ಬಸ್ಸಿನಲ್ಲಿ ಹೋಗಿ ಬರುವ ಮಾತಲ್ಲ, ಅಲ್ಲೇ ರೂಮು ಮಾಡಬೇಕು, ಇಲ್ಲಿ ದನ ಕರು, ತೋಟ, ಶಾಲೆಗೆ ಹೋಗುವ ಮಗು ಯಾರಿಗೋ ಒಪ್ಪಿಸಬೇಕು. ಮಳೆಗಾಲವಾದರೆ ಇನ್ನೊಂದು ಲೆಕ್ಕ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿ ರಸ್ತೆ ಮುಚ್ಚಿದ್ದನ್ನು ಕಂಡವರು ಮಂಗಳೂರಿಗೆ ಹೋಗುವುದೋ ಮೈಸೂರಿಗೋ ಎಂದು ತೀರ್ಮಾನಿಸುವಾಗ ಡಾಕ್ಟರ ಹೆಸರಿನ ಜೊತೆಗೆ ಆಕಾಶವನ್ನೂ ನೋಡುತ್ತಾರೆ. ಅಷ್ಟನ್ನೂ ಆ ಒಂದು ಸಾಲಿನ 4 ಹಿಡಿದಿಡಬೇಕು.

ವಿಮೆಯ ಸಾಲೂ ಹಾಗೆಯೇ. ಇಲ್ಲಿ ಬಹುಪಾಲು ಮಂದಿಗೆ ವಿಮೆ ಎಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಉಳಿದವರಿಗೆ ಪ್ಯಾಕೇಜ್ ದರದ 30 ಶೇಕಡ, ಅದೂ 1.5 ಲಕ್ಷದ ಮಿತಿಯೊಳಗೆ. ‘ವಿಮೆಯ ಬಗ್ಗೆ ಚಿಂತೆಯಿದೆಯೇ?’ ಎಂದರೆ ‘ಇಲ್ಲ, ಕಾರ್ಡ್ ಇದೆ’ ಎನ್ನುತ್ತಾರೆ. ಚಿಕಿತ್ಸೆಯ ಬಿಲ್ಲಿಗೆ ಕಾರ್ಡಿದೆ. ಜೊತೆಗೆ ಬಂದವನ ಊಟ, ರೂಮಿನ ಬಾಡಿಗೆ, ಕಳೆದುಕೊಂಡ ಕೂಲಿ, ಕೊಯ್ಲಿಗೆ ಆಳು ಸಿಗದೆ ನೆಲಕ್ಕುದುರಿದ ಹಣ್ಣು, ಇವು ಯಾವ ಕಾರ್ಡಿಗೂ ಬರುವುದಿಲ್ಲ. ನಮ್ಮ ನಮೂನೆಯಲ್ಲಿ ಈ ಸಾಲನ್ನು ಒಡೆದು ಎರಡು ಮಾಡುವುದೇ ಸರಿ ಎಂದು ನನಗನ್ನಿಸುತ್ತದೆ. ಆದರೆ ಹಾಗೆ ಒಡೆದರೆ ಬೇರೆ ದೇಶಗಳ ಅಂಕದ ಜೊತೆ ಹೋಲಿಸಲಾಗದು ಎಂದು ಸಂಶೋಧಕರು ತಡೆಯುತ್ತಾರೆ, ಅವರ ಮಾತಿನಲ್ಲೂ ಹುರುಳಿದೆ. 35ನ್ನು ಹಾಗೇ ಬಿಟ್ಟು ಕೊನೆಗೆ ನಮ್ಮದೇ ನಾಲ್ಕೈದು ಸಾಲು ಬೇರೆ ಹಾಳೆಯಲ್ಲಿ ಸೇರಿಸುವುದು ಇಬ್ಬರಿಗೂ ಒಪ್ಪಿಗೆಯಾಗುವ ದಾರಿ.

ದಾಂಪತ್ಯದ ಲೈಂಗಿಕ ಬದುಕಿನ ಬಗ್ಗೆಯೂ ಒಂದು ಸಾಲಿದೆ. ಅದನ್ನು ಬೆಂಚಿನ ಮೇಲೆ, ಮಗ ಪಕ್ಕದಲ್ಲಿರುವಾಗ ಓದಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಕೇಳುವ ಜಾಗ, ಕೇಳುವವರು, ಸುತ್ತ ಯಾರಿದ್ದಾರೆ ಎಂಬುದೂ ಮಾಪಕದ ಭಾಗವೇ. ‘ಮನೆಯವರಿಂದ ಸಿಗುವ ಸಹಾಯ ತೃಪ್ತಿ ತಂದಿದೆ’ ಎಂಬ ಸಾಲಿಗೆ, ಮೈದುನ ಎದುರಿಗೇ ಕಾಫಿ ಕುಡಿಯುತ್ತಾ ನಿಂತಿರುವಾಗ, ಯಾವ ಅತ್ತಿಗೆ 1 ಹೇಳುತ್ತಾಳೆ?

ಏಳು ದಿನಗಳ ಮಾತೂ ಇದೆ. ಕೀಮೋ ಹಲವರಿಗೆ 21 ದಿನಕ್ಕೊಮ್ಮೆ. ಕೊಟ್ಟ ಮೊದಲ ವಾರ ವಾಂತಿ, ಸುಸ್ತು, ಬಾಯಿಹುಣ್ಣು; ಮೂರನೇ ವಾರ ರೋಗಿ ಎದ್ದು ಜಗಲಿಗೆ ಬಂದು ಕೂರುತ್ತಾರೆ. ಮೊದಲ ವಾರ ಕೇಳಿದರೆ ಬರುವ ಅಂಕ ಒಂದು, ಮೂರನೇ ವಾರದ್ದು ಇನ್ನೊಂದು. ಹಾಗಾಗಿ ಎಲ್ಲರನ್ನೂ ಚಕ್ರದ ಒಂದೇ ಹಂತದಲ್ಲಿ ಕೇಳಬೇಕು. ಕೊಡಗಿನಲ್ಲಿ ಇದರ ಜೊತೆಗೆ ತೋಟದ ಪಂಚಾಂಗವನ್ನೂ ನೋಡಬೇಕು. ನವೆಂಬರಿನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೊಬಸ್ಟಾ, ಹಿಂದೆಯೇ ಕರಿಮೆಣಸು, ಮಾರ್ಚಿನಲ್ಲಿ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಿಡಿದು ಓಡಾಟ. ಕೊಯ್ಲಿನ ದಿನಗಳಲ್ಲಿ ತೋಟದವರಿಗೆ ದಿನಚರಿಯ ಅಂಕ ನೆಲಕ್ಕಿಳಿದಿದ್ದರೆ, ಅದೇ ದಿನಗಳಲ್ಲಿ ಕೂಲಿಯವನಿಗೆ ಹಣದ ಅಂಕ ಸ್ವಲ್ಪ ಮೇಲಿರುತ್ತದೆ, ಕೆಲಸಕ್ಕೆ ಹೋಗುವ ಹಾಗಿದ್ದರೆ. ಜುಲೈ ಮಳೆಯಲ್ಲಿ ಎರಡೂ ತಿರುವುಮುರುವು. ವರ್ಷದಲ್ಲಿ ಒಮ್ಮೆ ಅಳೆದು ‘ಕೊಡಗಿನ ಅಟೆಂಡರುಗಳ ಜೀವನ ಗುಣಮಟ್ಟ ಇಷ್ಟು’ ಎಂದು ಬರೆಯುವುದು ಏಪ್ರಿಲಿನಲ್ಲಿ ಹೊಳೆ ನೋಡಿ ಕಾವೇರಿಯ ಅಗಲ ಇಷ್ಟು ಎಂದಂತೆ.

ಇನ್ನೊಂದು ವಿಚಿತ್ರವೂ ಇದೆ. ಕಾಯಿಲೆ ಮುಂದುವರಿದರೂ ಅಂಕ ಏರುವುದುಂಟು. ಪ್ರಶ್ನಾವಳಿ ಕೆಟ್ಟಿದೆ ಎಂದಲ್ಲ. ಮನುಷ್ಯರ ಒಳಗಿನ ಅಳತೆಗೋಲೇ ಬದಲಾಗುತ್ತದೆ. ಮೊದಲ ತಿಂಗಳು ನಾಲ್ಕು ಗಂಟೆ ನಿದ್ದೆ ಅನ್ಯಾಯ ಅನ್ನಿಸಿದವರಿಗೆ ಆರನೇ ತಿಂಗಳು ನಾಲ್ಕು ಗಂಟೆ ಸಿಕ್ಕಿದ್ದೇ ಹಬ್ಬ. ‘ನಿದ್ದೆ ಕೆಟ್ಟಿದೆ’ ಎಂಬ ಸಾಲಿಗೆ ಆಗ 4 ಕೊಟ್ಟಿದ್ದವರು ಅದೇ ಸ್ಥಿತಿಯಲ್ಲಿ ಈಗ 2 ಕೊಡುತ್ತಾರೆ; ತಿರುಗಿಸಿ ಬರೆದಾಗ ಒಟ್ಟು ಅಂಕ ಏರುತ್ತದೆ. ಅಂಕ ಏರಿದ್ದನ್ನು ನೋಡಿ ಸಹಾಯ ನಿಲ್ಲಿಸುವವರಿಗೆ ಇದು ಗೊತ್ತಿರಬೇಕು.

ಅಂಕ ಬಂದ ಮೇಲೆ ಅದನ್ನೇನು ಮಾಡುತ್ತಾರೆ? ಇದು ಶುಗರ್ ರಿಪೋರ್ಟ್ ಅಲ್ಲ. ಇಂತಿಷ್ಟರ ಕೆಳಗೆ ಬಂದರೆ ಕಾಯಿಲೆ ಎಂಬ ಗೆರೆ ಇದರಲ್ಲಿಲ್ಲ. ಸಂಶೋಧಕರಿಗೆ ಇದು ಗುಂಪುಗಳನ್ನು ಹೋಲಿಸಲು ಬೇಕು: ಮನೆಗೇ ಬಂದು ನೋಡುವ ನರ್ಸ್ ಇದ್ದ ಮನೆಗಳಿಗೂ ಇಲ್ಲದ ಮನೆಗಳಿಗೂ ವ್ಯತ್ಯಾಸವಿದೆಯೇ ಎಂದು. ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ಬೇಕಾದದ್ದು ಒಟ್ಟು ಅಂಕವಲ್ಲ, 4 ಬಿದ್ದ ಆ ಒಂದೆರಡು ಸಾಲು. ಮಾತನ್ನು ಎಲ್ಲಿಂದ ಶುರುಮಾಡಬೇಕೆಂದು ಅದು ಹೇಳುತ್ತದೆ. ನೋವನ್ನು ನಿಭಾಯಿಸುವ ಸಾಲಿನಲ್ಲಿ 4 ಇದ್ದರೆ ಉಪಶಾಮಕ ಆರೈಕೆಯವರನ್ನು, ಅಂದರೆ ನೋವು ಸಂಕಟ ತಗ್ಗಿಸುವವರನ್ನು, ಕರೆಯಬೇಕು. ಕಾಯಿಲೆಯ ಬಗ್ಗೆ ತಿಳಿವಳಿಕೆ ಸಾಕಷ್ಟಿದೆ ಎಂಬ ಸಾಲಿನಲ್ಲಿ 0 ಇದ್ದರೆ ಡಾಕ್ಟರು ಹತ್ತು ನಿಮಿಷ ಕೂತು ಮಾತಾಡಬೇಕು. ಅಂಕ ತೆಗೆದುಕೊಂಡು ಹೋಗಿ ಥೀಸಿಸ್ ಬರೆದು ಮುಗಿಸುವವರೂ ಇದ್ದಾರೆ. ಅವರ ನಮೂನೆಗೆ ಸಹಿ ಹಾಕುವ ಮುಂಚೆ ‘ಇದರಿಂದ ನಮಗೇನಾದರೂ ಆಗುತ್ತದೆಯೇ?’ ಎಂದು ಕೇಳುವ ಹಕ್ಕು ಅಟೆಂಡರಿಗಿದೆ, ಉತ್ತರ ಕೊಡದೆ ಎದ್ದು ಹೋಗುವ ಹಕ್ಕೂ ಇದೆ.

ನಮ್ಮ ಹುಡುಗಿಗೆ ಆ ‘ಇಲ್ಲವೇ ಇಲ್ಲ’ದ ಮೇಲೆ ಅನುಮಾನ ಬಂದಿತ್ತು. ಪುಟ ಮುಗಿದ ಮೇಲೆ ಹಿಂದಕ್ಕೆ ಬಂದು ‘ಅಮ್ಮಾ, ರಾತ್ರಿ ಎಷ್ಟು ಸಲ ಏಳ್ತೀರಿ?’ ಎಂದು ಕೇಳಿದಳು. ‘ಮಲಗಿದ್ರೆ ತಾನೇ ಮಗ ಏಳೋದು’ ಎಂದರು ಚಿಕ್ಕಮ್ಮ. ಅವಳು 0 ಹೊಡೆದುಹಾಕಿ 4 ಬರೆದಳು. ಚಿಕ್ಕಪ್ಪನಿಗೆ ರಾತ್ರಿ ನೋವು ಎಷ್ಟಿರುತ್ತದೆ ಎಂಬ ಮಾತು ಡಾಕ್ಟರ ಕಿವಿಗೆ ಬಿದ್ದದ್ದು ಹಾಗೆ. ಚಿಕ್ಕಪ್ಪ ಅವರ ಮುಂದೆ ಯಾವತ್ತೂ ‘ಪರವಾಗಿಲ್ಲ’ ಎಂದೇ ಹೇಳುತ್ತಿದ್ದವರು. ನೋವಿನ ಔಷಧ ಬದಲಾಯಿತು. ಮೂರು ವಾರ ಬಿಟ್ಟು ಅದೇ ಬೆಂಚಿನ ಮೇಲೆ ಅದೇ ಸಾಲು ಬಂದಾಗ ಚಿಕ್ಕಮ್ಮ ಕೈ ಮುಂದೆ ಚಾಚಿ, ಸ್ವಲ್ಪ ಯೋಚಿಸಿ, ಎರಡು ಬೆರಳು ತೋರಿಸಿದರು.